ನಲವತ್ತೊಂದನೆಯ ಚೀಲ

ಶ್ಕೋಡರ್ ಊರಿನ ಅಂಚಿಗೆ, ಹಳೇ ತಂಬಾಕು ಗೋದಾಮಿನ ಮಹಡಿಯಲ್ಲಿ
ಡ್ರಾಂಡೆ ಚಿಮಟ ಹಿಡಿದು ಕೂತಿದ್ದಾಳೆ.
ಬಿಳಿ ಹಾಳೆಯ ಮೇಲೆ ನೂರು ಗ್ರಾಂ ಶೆರೆಬೆಲ:
ನಮ್ಮ ತುಂಬೆಯ ದೂರದ ದಾಯಾದಿ, ಬೂದು ಎಲೆ,
ಕರುವಿನ ಕಿವಿಯಂಥ ನವಿರು.
ಎತ್ತಿ ಬದಿಗಿಟ್ಟಳು ಒಂದು ಹುಲ್ಲುಕಡ್ಡಿ,
ಮೇಕೆಯ ಕೂದಲು ಎರಡು,
ಉಗುರಿನಷ್ಟು ಬಸವನಹುಳುವಿನ ಚಿಪ್ಪು. ಒಳಗೆ ಯಾರೂ ಇಲ್ಲ.
ತೂಗಿದಳು. ಅನ್ಯವಸ್ತು: ಮಿತಿಯೊಳಗೆ.

ಸುಟ್ಟು ಬೂದಿ ಮಾಡಿದಳು, ಬೂದಿಯನ್ನೂ ತೂಗಿದಳು.
ನೀರಲ್ಲಿ ಕುದಿಸಿ, ಆವಿಯ ಬೆನ್ನು ಹತ್ತಿ, ಎಣ್ಣೆ ಇಳಿಸಿದಳು.
ಗಾಜಿನ ಕುತ್ತಿಗೆಯಲ್ಲಿ ಗೋಧಿಕಾಳಿನಷ್ಟುದ್ದ ಹಳದಿ.
ಸಿಲಿಕಾ ಬಳಿದ ಪಟ್ಟಿಯ ಕೆಳಗಂಚಿಗೆ ಚುಕ್ಕಿಯಿಟ್ಟು
ದ್ರಾವಕದ ಜಾಡಿಯಲ್ಲಿ ನಿಲ್ಲಿಸಿದಳು.
ಹತ್ತಿದವು ಒಂದೊಂದೂ, ತಮ್ಮ ತಮ್ಮ ಅಂಟಿಗೆ ತಕ್ಕಷ್ಟು.
ಔಷಧ ಚಿಮುಕಿಸಿ ಕಾಯಿಸಿದರೆ
ಥುಜೋನು ನೇರಳೆಯಾಗಿ ಎದ್ದಿತು,
ಹಾಜರಿ ಕೂಗಿದಾಗ ಕೈಯೆತ್ತುವ ಹುಡುಗನ ಹಾಗೆ.
ಅಸಲಿ ಮಾಲು.
ಪ್ರೆಂಡಾ ಮುದುಕಿ ಏನನ್ನೂ ಬೆರೆಸಿಲ್ಲ.

ಕೊನೆಯದು ಸೀಸ.
ಆಮ್ಲದಲ್ಲಿ ಎಲೆ ಕರಗಿ ನೀರಾಗಿ, ಆ ನೀರು ಜ್ವಾಲೆಗೆ ಹೋಗಿ
ಯಂತ್ರ ಅಂಕಿ ಕೊಟ್ಟಿತು: ಹನ್ನೊಂದೂವರೆ.
ಹತ್ತು ಲಕ್ಷ ಭಾಗಕ್ಕೆ ಐದು ದಾಟಬಾರದು.
ಮತ್ತೆ ಮಾಡಿದಳು. ಹನ್ನೊಂದೂ ಮುಕ್ಕಾಲು.
ಪಾತ್ರೆ ಬದಲಿಸಿ, ತನ್ನ ಕೈಯನ್ನೇ ಶಂಕಿಸಿ, ಮೂರನೇ ಸಲ.
ಯಂತ್ರಕ್ಕೆ ದಾಕ್ಷಿಣ್ಯವಿಲ್ಲ.

ಗುರುವಾರ ಮೊದಲ ಬಸ್ಸಿಗೇ ಬಂದಳು ಪ್ರೆಂಡಾ,
ಹಸಿರು ಕಲೆಯ ಬೆರಳು, ದುಡ್ಡು ಕಟ್ಟಿಕೊಳ್ಳಲು ತಂದ ಕರವಸ್ತ್ರ.
ಹೇಳಿದ್ದನ್ನೆಲ್ಲ ಕೇಳಿ, ಜೇಬಿಂದ ಒಂದು ಎಲೆ ತೆಗೆದು, ಉಜ್ಜಿ,
ಡ್ರಾಂಡೆಯ ಮೂಗಿಗೆ ಹಿಡಿದಳು.
"ನೋಡು. ಇದಕ್ಕೇನಾಗಿದೆ?"
"ಸೀಸಕ್ಕೆ ವಾಸನೆ ಇಲ್ಲ, ಅಮ್ಮಾ."
"ತೊಳೆದರೆ?"
"ತೊಳೆದೇ ಹೇಳುತ್ತಿದ್ದೇನೆ. ಎಲ್ಲಿ ಕೊಯ್ದಿರಿ?"

ಬಂಕರಿನ ಹಿಂದಿನ ಇಳಿಜಾರು. ಅಲ್ಲೇ ಎಲೆ ದಪ್ಪ,
ಬಿಸಿಲೂ ಚೆನ್ನ, ಯಾರೂ ಬರುವುದಿಲ್ಲ, ಎಂದಳು.
ಎಂದವಳು ಸುಮ್ಮನಾದಳು.
ದಾಸ್ತಾನುಗಳ ಬೀಗ ಒಡೆದ ಆ ವರ್ಷ
ಅವಳ ಮಗ ಮಾರಾಷ್, ಹತ್ತೊಂಬತ್ತರ ಹುಡುಗ,
ಅಲ್ಲೇ ಕೂತು ತೋಟಾ ಬಿಚ್ಚುತ್ತಿದ್ದ:
ಹಿತ್ತಾಳೆ ಗುಜರಿಗೆ, ಸೀಸ ಹುಲ್ಲಿಗೆ.
ಕಪ್ಪು ಪುಡಿಯನ್ನು ಗೆರೆಯಾಗಿ ಸುರಿದು ಕಡ್ಡಿ ಗೀರಿದರೆ
ಬೆಂಕಿ ಹಾವಿನಂತೆ ಓಡುವುದ ನೋಡಿ ನಗುತ್ತಿದ್ದ.
ಎಡಗೈಯಲ್ಲಿ ಈಗ ಎರಡು ಬೆರಳು.

ಕನ್ನಡದಲ್ಲಿ ಬರೆಯುವ ನನಗೆ ಇಲ್ಲೊಂದು ಅನುಕೂಲ, ಅಥವಾ ಪೇಚು:
ಗಂಟಲು ಕಟ್ಟಿದರೆ ಕುಡಿಸುವುದೂ ಮದ್ದು,
ಕೋವಿಗೆ ತುಂಬುವುದೂ ಮದ್ದು,
ಆಗದವರು ಅನ್ನದಲ್ಲಿ ಇಡುವುದೂ ಮದ್ದೇ.
ಡ್ರಾಂಡೆಯ ನಮೂನೆಯಲ್ಲಿ ಮೂರಕ್ಕೂ ಬೇರೆ ಬೇರೆ ಮನೆ.

ಪ್ರೆಂಡಾ ಬೆರಳು ಮಡಚಿ ಎಣಿಸುತ್ತಿದ್ದಳು.
ಅಲ್ಲಿ ಕೊಯ್ಯತೊಡಗಿ ಒಂಬತ್ತು ಬೇಸಿಗೆ.
ಕುಡಿದವರು: ತಾನು; ಮಗುವಿಗೆ ಹಾಲು ಬಿಡಿಸಿದ ಸೊಸೆ;
ಕೆಮ್ಮುತ್ತಿದ್ದ ಪಾದ್ರಿ;
ರಾತ್ರಿ ನಿದ್ದೆ ಬಾರದ ಮಾರಾಷ್, ದೊಡ್ಡ ಲೋಟದಲ್ಲಿ, ಜೇನು ಹಾಕಿ.
ಜೇನೂ ಅಲ್ಲಿಯದೇ.

"ತಿರಸ್ಕಾರಕ್ಕೆ ಕಾರಣ" ಎಂಬಲ್ಲಿ ಒಂದು ಬೆರಳಗಲ ಜಾಗ.
ಡ್ರಾಂಡೆ ಅಂಕಿ ಬರೆದು ಸಹಿ ಹಾಕಿದಳು.
ಉಳಿದ ಎಲೆಯನ್ನು ಸೀಸೆಗೆ ತುಂಬಿ, ಮುಚ್ಚಳಕ್ಕೆ ಮೇಣ ಮೆತ್ತಿ,
ನಲವತ್ತೊಂದು ಎಂದು ಚೀಟಿ ಅಂಟಿಸಿ ಕಪಾಟಿಗಿಟ್ಟಳು.
ಮೂರು ವರ್ಷ ಇಡಬೇಕು, ನಿಯಮ.

ಬಾಗಿಲವರೆಗೆ ಹೋದ ಮುದುಕಿ ತಿರುಗಿ ನಿಂತಳು.
"ನಿನ್ನ ಯಂತ್ರ ಎಲೆಯನ್ನೇ ತಿನ್ನಬೇಕಾ?
ಅವನು ಮಲಗಿದಾಗ ತಲೆಯಿಂದ ಒಂದಿಷ್ಟು ಕೂದಲು ಕತ್ತರಿಸಿ ತಂದರೆ,
ಎಷ್ಟು ಬೇಕಾಗುತ್ತದೆ?"

ಡ್ರಾಂಡೆ ಮೇಜಿನ ಕಡೆ ನೋಡಿದಳು.
ಅನ್ಯವಸ್ತುವಿನ ಪುಟ್ಟ ತಟ್ಟೆಯಲ್ಲಿ
ಮೇಕೆಯ ಕೂದಲೆರಡು ಇನ್ನೂ ಹಾಗೇ ಇದ್ದವು.