ಮಾಹುಲಿನಲ್ಲಿ ಮೂರು ನಿಮಿಷ

ಅಹವಾಲಿಗೆ ಹೆಸರು ಬರೆಸಿದವರು ನಲವತ್ತೊಂದು ಮಂದಿ,
ನನ್ನದು ಮೂವತ್ತೆಂಟು.
ತಲೆಗೆ ಮೂರೇ ನಿಮಿಷ, ಅಂದರು ಉಪಜಿಲ್ಲಾಧಿಕಾರಿ.
ಗಂಟಲು ಸರಿಮಾಡಿಕೊಳ್ಳುವುದಕ್ಕೇ
ಅರ್ಧ ನಿಮಿಷ ಬೇಕು ಈ ಊರಿನಲ್ಲಿ.

ಶಾಮಿಯಾನದ ಆಚೆ ಟಾಕಿಗಳು,
ಬೋರಲು ಹಾಕಿಟ್ಟ ಹಂಡೆಗಳ ಹಾಗೆ.
ಅವುಗಳಿಗೂ ಮೇಲೆ, ಕೊಳವೆಯ ತುದಿಗೆ, ಆ ಬೆಂಕಿ.
ನಾನು ಹುಟ್ಟುವ ಮೊದಲಿಂದ ಹೊತ್ತಿಕೊಂಡೇ ಇದೆ.
ಕರೆಂಟು ಹೋದ ರಾತ್ರಿ ಅದರ ಬೆಳಕಲ್ಲೇ
ಹದಿಮೂರರ ಮಗ್ಗಿ ಬಾಯಿಪಾಠ ಮಾಡಿದ್ದೇನೆ.
ಇವತ್ತು ಅದರ ಮೇಲೇ ದೂರು ತಂದಿದ್ದೇನೆ.

ಕಂಪನಿಯವರು ಪರದೆ ಬಿಟ್ಟು ತೋರಿಸಿದರು:
ಹಸಿರು ಬಾಣ, ನೀಲಿ ಬಾಣ, ನಗುವ ಒಂದು ಮಗು.
ವಿಸ್ತರಣೆಯಾದರೂ ಹೊಗೆ ಹೆಚ್ಚುವುದಿಲ್ಲ,
ಇನ್ನು ಕೆಲವೇ ದಶಕ, ಆಮೇಲೆ ಎಲ್ಲ ಸೊನ್ನೆ.
ಸೊನ್ನೆ ಎನ್ನುವಾಗ ಆ ಹುಡುಗ ಬಾಯಿ ದುಂಡಗೆ ಮಾಡಿದ.
ಪಾಪ, ಟೈ ಬಿಗಿಯಾಗಿತ್ತು. ಅವನೂ ಕೆಮ್ಮಿದ.

ಚಂಗುಣಾ ಕೋಳಿ ಎದ್ದಳು, ಹನ್ನೆರಡನೆಯವಳು.
ಕೈಯಲ್ಲಿ ಕಾಗದ ಇರಲಿಲ್ಲ, ಬುಟ್ಟಿ ಇತ್ತು.
"ಸಾಹೇಬ, ಮೊದಲೆಲ್ಲ ಗಿರಾಕಿ ರೇಟು ಕೇಳುತ್ತಿದ್ದರು,
ಆಮೇಲೆ ಮೀನು ಮೂಸುತ್ತಿದ್ದರು.
ಈಗ ಮೊದಲು ಮೂಸುತ್ತಾರೆ. ರೇಟು ಕೇಳುವುದೇ ಇಲ್ಲ.
ಇಷ್ಟೇ ನನ್ನ ಮಾತು."
ಉಳಿದ ಎರಡೂವರೆ ನಿಮಿಷ ಸುಮ್ಮನೆ ನಿಂತಳು.
ಮೈಕು ಆ ಸುಮ್ಮನೆಯನ್ನೂ ದೊಡ್ಡದು ಮಾಡಿ ಕೇಳಿಸಿತು.

ಆಮೇಲೆ ಟ್ಯಾಂಕರ್ ಯೂನಿಯನ್ನಿನ ಗಿರಿಧರ ಮೆಂಡನ್,
ನನ್ನತ್ತಲೇ ತಿರುಗಿ, ನಮ್ಮ ಭಾಷೆಯಲ್ಲೇ:
"ಮುಚ್ಚಿಸಿ ಅಕ್ಕ, ಬೇಡ ಅನ್ನುವುದಿಲ್ಲ.
ನಾನ್ನೂರು ಗಾಡಿ ಉಂಟು, ಗಾಡಿಗೆ ಇಬ್ಬರು.
ಗಾಳಿಗೆ ಕಾನೂನು ಬರೆಯುವ ಕೈ
ಅನ್ನಕ್ಕೂ ಒಂದು ಸಾಲು ಬರೆಯಲಿ."
ಚಪ್ಪಾಳೆ ಬಿತ್ತು. ನನ್ನದೂ ಸೇರಿತು, ತುಸು ತಡವಾಗಿ.

ನನ್ನ ಕಾಗದದಲ್ಲಿ ಆ ಸಾಲು ಇರಲಿಲ್ಲ.
ಇದ್ದದ್ದು ವಾರ್ಡಿನ ಗಾಳಿಯ ಅಂಕಿ,
ಎಲ್ಲೋ ಒಂದು ಜಲಸಂಧಿ ಮುಚ್ಚಿಕೊಂಡರೆ
ಇಲ್ಲಿ ಟೊಮೇಟೊ ಏಕೆ ತುಟ್ಟಿಯಾಗಬೇಕೆಂಬ ಪ್ರಶ್ನೆ,
ಮತ್ತೆ 'ಪ್ರಜೆ' ಎಂಬ ಶಬ್ದ, ಆರು ಸಲ.

ಅಪ್ಪ ಇದೇ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾರ್ಡು ಒತ್ತಿದವರು.
ಅವರ ಅಂಗಿಗೆ ಅಮ್ಮ ಬೇರೆಯೇ ಬಕೆಟ್ಟು ಇಟ್ಟಿದ್ದಳು,
ಮಡಿಗಲ್ಲ, ವಾಸನೆಗೆ.
ಆ ನೀರಿನ ಮೇಲೆ ಕಾಮನಬಿಲ್ಲು ತೇಲುತ್ತಿತ್ತು,
ಬೆರಳಲ್ಲಿ ಕದಡಿ ಬೈಸಿಕೊಂಡಿದ್ದೇನೆ.
ಆ ಸಂಬಳದಲ್ಲಿ ನನ್ನ ಕಾಲೇಜು,
ಕಾಲೇಜಿನಲ್ಲಿ ಹಕ್ಕು, ಪರಿಸರ, ಭಿನ್ನಮತ,
ಆ ಮಾತುಗಳಿಂದ ಈ ಕಾಗದ.
ಎಣ್ಣೆ ಒರೆಸಿದರೆ
ನಾನು ಎಷ್ಟು ಉಳಿಯುತ್ತೇನೋ.

ಮೂವತ್ತೆಂಟು, ಕೂಗಿದರು.
ಕಾಗದ ಮಡಿಸಿದೆ. ಬಾಯಿಗೆ ಬಂದದ್ದನ್ನೇ ಹೇಳಿದೆ:
ಈ ಬೆಂಕಿಗೆ ನಾನೂ ಸಾಲಗಾರಳು.
ಉಂಡ ಮನೆಯ ಜಂತೆ ಎಣಿಸಬಾರದಂತೆ;
ಜಂತೆ ಹೊತ್ತಿಕೊಂಡಾಗ ಏನು ಮಾಡಬೇಕೆಂದು
ಯಾರೂ ಹೇಳಿಕೊಟ್ಟಿಲ್ಲ.
ಚಂಗುಣಾಳ ಗಿರಾಕಿಯ ಮೂಗನ್ನು ದಾಖಲೆಗೆ ಸೇರಿಸಿ.
ಮೆಂಡನ್ ಕೇಳಿದ ಸಾಲನ್ನು ಮೊದಲ ಪುಟದಲ್ಲೇ ಬರೆಯಿರಿ.
ಆಮೇಲೆ ವಿಸ್ತರಣೆ ಬೇಡ ಎನ್ನಿ,
ಬೇಕೇ ಎನ್ನುವಿರಾದರೆ, ಸಾಹೇಬರೇ,
ಇಲ್ಲೇ ಒಂದು ಮನೆ ಹಿಡಿಯಿರಿ, ಬಾಡಿಗೆ ಅಗ್ಗ.

ಗಂಟೆ ಬಾರಿಸಿದರು. ನೋಂದಾಯಿಸಲಾಗಿದೆ, ಅಂದರು.
ಗುಮಾಸ್ತನ ಪೆನ್ನಿಗೆ ಆಗಲೇ ಮುಚ್ಚಳ ಬಿದ್ದಿತ್ತು.

ವಾಪಸು ಹೊರಟರೆ ಸ್ಕೂಟರಿನ ಮುಳ್ಳು ಕೆಂಪಿನಲ್ಲಿ.
ಚೆಂಬೂರಿನ ಪಂಪಿನಲ್ಲಿ ರಸ್ತೆಯವರೆಗೂ ಸಾಲು,
ನನ್ನ ಮುಂದಿನ ರಿಕ್ಷಾದ ಬೆನ್ನಿಗೆ ಹೋದ ಚುನಾವಣೆಯ
ಹರಿದ ಚೀಟಿ: ಒಂದು ಕಿವಿ, ಅರ್ಧ ನಗು.
ನಳಿಕೆ ಎತ್ತಿದ ಹುಡುಗಿ
ದಿನಕ್ಕೆ ಸಾವಿರ ಸಲ ಹೇಳುವುದನ್ನು ನನಗೂ ಹೇಳಿದಳು:
"ಝೀರೋ ದೇಖ್ ಲೋ, ಮೇಡಂ."

ನೋಡಿದೆ.
ಇತ್ತು, ಒಂದು ಗಳಿಗೆ.
ಆಮೇಲೆ ಓಡತೊಡಗಿತು.