ದಿನಕ್ಕೆ ಎರಡು ಗಂಟೆ

ಗ್ಯುಮ್ರಿಯ ಆಸ್ಪತ್ರೆಯಲ್ಲಿ ಮೊದಲು ಕೊಟ್ಟದ್ದು ಕನ್ನಡಕ.
ಹದಿನೆಂಟು ವಾರ.
ಶೋಘೇರ್ ಅದನ್ನು ಎರಡು ಸಲ ಹಿಮದಲ್ಲಿ ಹೂತಳು,
ಒಂದು ಸಲ ಹಿಟ್ಟಿನ ಡಬ್ಬಿಯಲ್ಲಿ.
ಕನ್ನಡಕವೊಂದೇ ಸಾಲದು, ಪಟ್ಟಿ ಕಟ್ಟೋಣ, ಅಂದರು ಡಾಕ್ಟರು.
ದಿನಕ್ಕೆ ಎರಡು ಗಂಟೆ,
ಬಲಗಣ್ಣಿಗೆ.

'ಸರಿಯಾಗಿ ನೋಡದೇ ಇರೋದು ಎಡಗಣ್ಣು,
ಶಿಕ್ಷೆ ಮಾತ್ರ ಬಲಗಣ್ಣಿಗೆ. ಯಾಕೆ?'
ಬಸ್ಸಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.
ಒಣ ಏಪ್ರಿಕಾಟ್ ಒಂದನ್ನು ಅವಳ ಕೈಗಿಟ್ಟೆ.

ಸೋಮಾರಿ ಕಣ್ಣು ಅನ್ನುತ್ತಾರೆ, ಯಾರಿಟ್ಟ ಹೆಸರೋ.
ಆ ಕಣ್ಣನ್ನು ಹತ್ತಿರದಿಂದ ಬಲ್ಲೆ ನಾನು:
ಬೆಳಗಾದರೆ ಏಳುತ್ತದೆ, ರಾತ್ರಿಯವರೆಗೆ ದುಡಿಯುತ್ತದೆ,
ಕಂಡದ್ದನ್ನೆಲ್ಲ ಮೇಲಕ್ಕೆ ಕಳಿಸುತ್ತದೆ.
ಮೇಲಿನವರು ಓದುವುದಿಲ್ಲ, ಅಷ್ಟೇ;
ಲಿಫ್ಟ್ ಕೆಟ್ಟಿದೆಯೆಂದು ನಾನು ಬರೆದ ಅರ್ಜಿಗಳ ಹಾಗೆ.

ಮೊದಲ ದಿನ ಗೋಡೆ ಹಿಡಿದು ನಡೆದಳು.
ಬೆಕ್ಕನ್ನು ಚಪ್ಪಲಿಯೆಂದು ಮೆಟ್ಟಲು ಹೋದಳು.
ಮೂರನೆಯ ದಿನ ಕಿತ್ತೆಸೆದಳು,
ಪಟ್ಟಿಯ ಅಂಟಿನಲ್ಲಿ ರೆಪ್ಪೆಯ ಎರಡು ಕೂದಲು.
ಫೋನು ಮಾಡಿದೆ. ಹನಿಮದ್ದೂ ಇದೆ, ಅಂದರು,
ಶನಿವಾರ ಒಂದು ಹನಿ, ಭಾನುವಾರ ಒಂದು,
ಒಳ್ಳೆಯ ಕಣ್ಣಿಗೆ ಮಂಜು ಕವಿಯುತ್ತದೆ.
ಇನ್ನೊಂದು ವಾರ ಪಟ್ಟಿಯನ್ನೇ ನೋಡಿ, ಆಮೇಲೆ ಯೋಚಿಸೋಣ.

ಆ ವಾರ ಅವಳನ್ನು ಮಾವನ ಗಡಿಯಾರದಂಗಡಿಯಲ್ಲಿ ಬಿಟ್ಟೆ.
ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಘಿನಾಕ್,
ಬಲಗಣ್ಣಿಗೆ ಪಟ್ಟಿ ಅಂಟಿಸಿಕೊಂಡು ಶೋಘೇರ್,
ನಡುವೆ ಮೊಟ್ಟೆಯ ಟ್ರೇ. ಅವಳ ಕೆಲಸ
ಸಾಸಿವೆಯಷ್ಟು ತಿರುಪುಗಳನ್ನು ಗಾತ್ರ ನೋಡಿ ಬೇರೆ ಮಾಡುವುದು.
ತಪ್ಪಾದರೆ ಅಜ್ಜ ಬೈಯುವುದಿಲ್ಲ,
ಎಲ್ಲವನ್ನೂ ಮತ್ತೆ ಸುರಿಯುತ್ತಾರೆ.

ಶುಕ್ರವಾರ ಕರೆದುಕೊಂಡು ಬರಲು ಹೋದಾಗ
ಎರಡು ಗಂಟೆ ಮುಗಿದು ಯಾವ ಕಾಲವಾಗಿತ್ತೋ,
ಪಟ್ಟಿ ಇನ್ನೂ ಅಲ್ಲೇ ಇತ್ತು.
ಮಾವ ತಲೆಯೆತ್ತದೆ ಹೇಳಿದರು:
'ನನ್ನ ಎಡಗಣ್ಣೂ ಹೀಗೇ ಕಣಮ್ಮ.
ಚಿಕ್ಕಂದಿನಲ್ಲಿ ಯಾರೂ ನೋಡಲಿಲ್ಲ.
ಎಲ್ಲರೂ ಒಂದರಲ್ಲೇ ನೋಡೋದು,
ಇನ್ನೊಂದು ಸ್ಪೇರ್ ಅಂದುಕೊಂಡಿದ್ದೆ.'

ಏಪ್ರಿಲಿನಲ್ಲಿ ಚಾರ್ಟಿನ ಒಂದು ಸಾಲು ಹೆಚ್ಚಿಗೆ ಓದಿದಳು.
ಒಂದೇ ಸಾಲು. ಪಟ್ಟಿ ಮುಂದುವರಿಸಿ, ಅಂದರು.
ಸಂಜೆ ಅಂಗಡಿಗೆ ಓಡಿದವಳು
ಅಜ್ಜನ ಭೂತಗನ್ನಡಿ ತೆಗೆಸಿ
ಆ ಕಣ್ಣಿಗೆ ತನ್ನ ಹಳದಿ ಬಾತುಕೋಳಿಯ ಪಟ್ಟಿ ಅಂಟಿಸಿದಳು.
ನಿಮ್ಮ ವಯಸ್ಸಿಗೆ ತಡವಾಯಿತೆಂದು ಯಾರು ಹೇಳಬೇಕು?

'ಏನು ಕಾಣುತ್ತೆ?'
'ಬೆಳಕು. ಬೆಳಕಿನೆದುರು
ಯಾರೋ ಗಿಡ್ಡಗಿರುವವರು.'
'ಅದು ನಾನು. ಅಲ್ಲಾಡಬೇಡಿ.
ಎರಡು ಗಂಟೆ.'