ಮುನ್ನೂರು ಗಜ

ಫಂಡಿ ಕೊಲ್ಲಿಯ ದಂಡೆಯಲ್ಲಿ ಹಳಿ ಕಿತ್ತು ಮೂವತ್ತು ವರ್ಷ.
ಉಳಿದದ್ದು ಜಲ್ಲಿ, ಮುಳ್ಳುಪೊದೆ,
ಮತ್ತು ನಕ್ಷೆಯ ಮೇಲೆ ನಾನೆಳೆದ ಕೆಂಪು ಗೆರೆ:
ಹನ್ನೊಂದು ಊರು, ನೂರಾ ನಾಲ್ಕು ಕಿಲೋಮೀಟರು.

ಗೆರೆ ಎಳೆಯುವುದು ಸಲೀಸು.
ಈ ಊರಿನವರಿಗೆ ಆ ಊರಿನ ಮೀನೂ ನಾತ, ಪಾದ್ರಿಯೂ ನಾತ.
ಸಭೆಗೆ ಕರೆದರೆ
ಕುರ್ಚಿಗಳನ್ನೇ ಎರಡು ಪಾಲು ಮಾಡಿ ಕೂತರು.
ಆದರೂ ಸೇತುವೆಗೆ ಹಲಗೆ ಬಡಿಯುವಾಗ
ನಮ್ಮ ಮೊಳೆ ತೀರಿತೆಂದು ಆಚೆ ದಡದ ಆನ್ಸೆಲ್ಮ್
ತನ್ನ ಡಬ್ಬವನ್ನೇ ಎಸೆದ.
ಹಿಡಿಯಲಾಗಲಿಲ್ಲ. ಅರ್ಧ ಹೊಳೆಪಾಲು.

ಕೊನೆಗುಳಿದದ್ದು ಒಡೀಲ್ ಕೊಮೊಳ ಮುನ್ನೂರು ಗಜ.
ಮೂರು ಚಳಿಗಾಲ ಅವಳ ಅಡುಗೆಮನೆಯಲ್ಲಿ ಚಹಾ ಕುಡಿದೆ.
‘ರೈಲಿಗೊಂದು ವೇಳೆ ಇತ್ತು,’ ಎನ್ನುತ್ತಿದ್ದಳು,
‘ನಿಮ್ಮ ಸೈಕಲ್ಲಿಗೆ ಹೊತ್ತುಗೊತ್ತಿಲ್ಲ.
ನನ್ನ ಒಳಲಂಗ ಒಣಗುವುದೂ ಅಲ್ಲೇ.’

ಈ ಏಪ್ರಿಲ್‌ನಲ್ಲಿ ಹೋದರೆ
ಬಟ್ಟೆ ಹಗ್ಗದ ಕಂಬಗಳಿಗೆ
ಇನ್ನೆರಡು ಮೊಳ ಮರ ಜೋಡಿಸುತ್ತಿದ್ದಾಳೆ!
ಹಗ್ಗ ಸರಿಸಲಿಲ್ಲ, ಎತ್ತರಿಸಿದಳು.
ಕಾಗದಕ್ಕೆ ಇಂದಿಗೂ ಸಹಿ ಹಾಕಿಲ್ಲ.

ಎಷ್ಟೆತ್ತರಿಸಿದರೇನು,
ಸೋಮವಾರ ಅಲ್ಲಿಗೆ ಬಂದವರು
ತೊಟ್ಟಿಕ್ಕುವ ದುಪ್ಪಟಿಯ ಕೆಳಗೆ
ಸೈಕಲ್ಲಿಳಿದು, ತಲೆ ತಗ್ಗಿಸಿ ದಾಟುತ್ತಾರೆ,
ಕತ್ತಿನೊಳಗೆ ಒಂದು ಸಾಬೂನು ಹನಿ.